ಸೀಟಿ ಟೀಚರ ಫೌಲ್

ಕೂತು ಆಡಿಸುವ ಆಟದ ಮೇಷ್ಟ್ರು ಕಾಲು ಮುರಿದುಕೊಂಡರು ಎಂಬ ಸುದ್ದಿ ಬೆಳಗಿನ ಮೊದಲ ಪೀರಿಯಡ್ ಮುಗಿಯುವುದರೊಳಗೆ ಶಾಲೆಯ ಎಲ್ಲ ಕೋಣೆಗಳನ್ನೂ ಸುತ್ತಿ ಬಂತು. ಸಂಜೆ ಮಕ್ಕಳಿಗೆ ಕಂಪ್ಯೂಟರ್ ಆಟ ಕಲಿಸುತ್ತಿದ್ದ ಫಿಸಿಕ್ಸ್ ಮೇಷ್ಟ್ರು ಕೈಯಲ್ಲಿದ್ದ ಸ್ಪ್ರಿಂಗ್ ತಕ್ಕಡಿಯನ್ನೇ ನೋಡುತ್ತಾ ಪ್ರಯೋಗಾಲಯದ ಮೆಟ್ಟಿಲಿಳಿಯುತ್ತಿದ್ದವರು ಕೊನೆಯ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಾಪ ಎಂದವರೂ ಬಾಯಿಗೆ ಕೈ ಅಡ್ಡ ಹಿಡಿದೇ ಪಾಪ ಎಂದರು. ವಾಲಿಬಾಲ್ ಆಡಿಸುವವರ ಕಾಲು ಇಷ್ಟು ವರ್ಷವಾದರೂ ನೆಟ್ಟಗಿದೆ, ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸುವವರ ಕಾಲಿಗೆ ಪ್ಲಾಸ್ಟರ್ ಬಿತ್ತಲ್ಲ ಎಂದು ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಸೀಟಿ ಟೀಚರ್.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಕೊರಳಲ್ಲಿ ಸರದಂತೆ ಸದಾ ಒಂದು ಸೀಟಿ; ಅದು ಬಾಯಲ್ಲಿ ಇಲ್ಲದಾಗ ಬಾಯೇ ಸೀಟಿ. ವಾಲಿಬಾಲ್ ಅಂಗಳದ ಬದಿಯಲ್ಲಿ ನಿಂತು ಅವರು ಕೂಗಿದರೆ ಮೇಲಿನ ಮಹಡಿಯಲ್ಲಿ ಪರೀಕ್ಷೆ ಬರೆಯುತ್ತಿದ್ದವರು ತಲೆ ಎತ್ತುತ್ತಿದ್ದರು. ಮುಂದೆ, ಹಿಂದೆ, ಬಿಡು, ಎತ್ತು, ಎಡಕ್ಕೆ ಕೊಡು. ಪ್ರತಿ ಚೆಂಡಿಗೂ ಅವರ ಬಾಯಿಂದ ಒಂದು ಮಾತು ಹೊರಡಲೇಬೇಕು. ಅವರ ತಂಡ ಗೆದ್ದು ತಂದ ಕಪ್ಪುಗಳು ಹೆಡ್‌ಮಿಸ್ ಕೋಣೆಯ ಕಪಾಟಿನಲ್ಲಿ ಜಾಗ ಸಾಲದೆ ಒಂದರೊಳಗೊಂದು ಕೂತಿದ್ದವು. ಹಾಗಾಗಿ ಆ ಕೂಗಿನ ಬಗ್ಗೆ ಯಾರೂ ತಕರಾರು ಎತ್ತಿದ್ದಿಲ್ಲ.

ಮೇಷ್ಟ್ರ ಕಾಲು ಮುರಿದದ್ದು ಕೆಟ್ಟ ಗಳಿಗೆಯಲ್ಲಿ. ಅವರ ಕಂಪ್ಯೂಟರ್ ಆಟದ ತಂಡ ಶಾಲೆ ಶಾಲೆಗಳ ನಡುವಿನ ಪಂದ್ಯದಲ್ಲಿ ಫೈನಲ್ಲಿಗೆ ಬಂದಿತ್ತು. ಅದೇ ವಾರ ಶಾಲೆಯ ಕ್ರೀಡಾ ಸಮಿತಿ ಕೂರುವುದಿತ್ತು. ಸಮಿತಿಯ ಮುಂದಿದ್ದದ್ದು ಒಂದೇ ಪ್ರಶ್ನೆ: ಓಟ, ವಾಲಿಬಾಲ್, ಈಜುಗಳ ಸಾಲಿನಲ್ಲಿ ಈ ಆಟವನ್ನೂ ಕ್ರೀಡೆ ಎಂದು ಸೇರಿಸಬೇಕೋ ಬೇಡವೋ. ಸೇರಿಸಿದರೆ ಮಕ್ಕಳು ಶಾಲೆಯ ಹೆಸರಿರುವ ಅಂಗಿ ತೊಟ್ಟು ಆಡಬಹುದು, ಪಂದ್ಯದ ದಿನ ಹಾಜರಿ ಸಿಗುತ್ತದೆ, ಸಂಜೆ ಕಂಪ್ಯೂಟರ್ ಕೋಣೆ ಅವರದ್ದಾಗಿ ಉಳಿಯುತ್ತದೆ. ಸೇರಿಸದಿದ್ದರೆ ಆ ಕೋಣೆ ಮುಂದಿನ ಅವಧಿಯಿಂದ ಟೈಪಿಂಗ್ ತರಗತಿಗೆ ಹೋಗುತ್ತದೆ, ತಂಡ ಮುಚ್ಚಿದಂತೆಯೇ. ಯಾವುದು ಕ್ರೀಡೆ ಎಂದು ಹೇಳಬೇಕಾದವರು ನೀವು, ನೀವು ಹೇಳಿದಂತೆ ನಾನು ಎಂದು ಹೆಡ್‌ಮಿಸ್ ಸೀಟಿ ಟೀಚರಿಗೆ ಮೊದಲೇ ಹೇಳಿಬಿಟ್ಟಿದ್ದರು. ಈಗ ಮೇಷ್ಟ್ರು ಹಾಸಿಗೆ ಹಿಡಿದ ಮೇಲೆ ಇನ್ನೊಂದು ಮಾತು ಸೇರಿಸಿದರು: ಫೈನಲ್ಲಿಗೆ ಮಕ್ಕಳ ಜೊತೆ ನೀವೇ ಹೋಗಿ, ಕಣ್ಣಾರೆ ನೋಡಿಬಂದು ಹೇಳಿ.

ಸೀಟಿ ಟೀಚರ್ ಹೂಂ ಎಂದರು. ನೋಡುವುದೇನಿದೆ, ಕುರ್ಚಿ ಬಿಟ್ಟು ಏಳದೆ ಆಡುವುದು ಎಂಥ ಆಟ ಎಂಬುದು ಅವರ ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು. ಆ ತೀರ್ಮಾನದ ಅಡಿಯಲ್ಲಿ ಒಂದು ಮುಳ್ಳೂ ಇತ್ತು. ಅದರ ಹೆಸರು ಕಡ್ಡಿ.

ಕಡ್ಡಿ ಅವರ ಅಕ್ಕನ ಮಗಳು. ಹುಟ್ಟಿದಾಗಿನಿಂದ ತೆಳ್ಳಗಿದ್ದದ್ದಕ್ಕೆ ಮನೆಯಲ್ಲಿ ಇಟ್ಟ ಹೆಸರು ಶಾಲೆಗೂ ಅಂಟಿಕೊಂಡಿತ್ತು. ಮನೆಯಲ್ಲಿ ಚಿಕ್ಕಮ್ಮ, ಶಾಲೆಯ ಗೇಟು ದಾಟಿದರೆ ಮಿಸ್. ಈ ಗಡಿಯನ್ನು ಹುಡುಗಿ ಎಂದೂ ತಪ್ಪಿದವಳಲ್ಲ. ಅವಳು ವಾಲಿಬಾಲ್ ತಂಡದ ಲಿಫ್ಟರ್ ಆಗಿದ್ದಳು. ಬಂದ ಚೆಂಡನ್ನು ನೆಟ್ಟಿನ ಮೇಲಕ್ಕೆ ಹದವಾಗಿ ಎತ್ತಿಕೊಡುವುದು ಲಿಫ್ಟರ್ ಕೆಲಸ. ಹೊಡೆಯುವವರು ಬೇರೆ, ಚಪ್ಪಾಳೆ ಗಿಟ್ಟಿಸುವವರು ಬೇರೆ. ಸೀಟಿ ಟೀಚರ್ ತಮ್ಮ ಕಾಲದಲ್ಲಿ ಲಿಫ್ಟರೇ. ತಮ್ಮ ಕೈಯ ಹದವನ್ನು ಅಕ್ಕನ ಮಗಳ ಬೆರಳುಗಳಲ್ಲಿ ಕಂಡು ಒಳಗೊಳಗೇ ಹಿಗ್ಗಿದವರು. ಹಾಗಿರುವಾಗ ಹೋದ ವರ್ಷ ಒಂದು ಸಂಜೆ ಹುಡುಗಿ ಮಂಡಿಗೆ ಕಟ್ಟುವ ಪಟ್ಟಿಗಳನ್ನು ಒಗೆದು ಮಡಚಿ ತಂದು ಮೇಜಿನ ಮೇಲಿಟ್ಟು, ಇನ್ನು ನಾನು ಬರಲ್ಲ ಮಿಸ್ ಎಂದವಳೇ ನೆಟ್ಟಗೆ ಫಿಸಿಕ್ಸ್ ಮೇಷ್ಟ್ರ ಕೋಣೆಗೆ ಹೋದಳು. ಯಾಕೆ ಎಂದು ಕೇಳುವುದಕ್ಕೆ ಟೀಚರಿಗೆ ಅಭಿಮಾನ ಅಡ್ಡ ಬಂತು. ಹೇಳುವುದಕ್ಕೆ ಹುಡುಗಿಗೆ ಏನು ಅಡ್ಡ ಬಂತೋ.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಅವಳನ್ನು ಕೇಳಿದರೆ, "ನನ್ನ ಅಂಗಡಿಗೆ ಗಿರಾಕಿ ತಯಾರಾಗ್ತಿದ್ದಾಳೆ ಬಿಡು, ಮನೆಯವರಿಗೆ ರಿಯಾಯಿತಿ ಇದೆ" ಎಂದು ನಗೆಯಾಡಿದಳು.

ಫೈನಲ್ಲಿಗೆ ಮುಂಚೆ ಒಮ್ಮೆ ಅಭ್ಯಾಸ ನೋಡುವುದು ಒಳ್ಳೆಯದು ಎಂದು ಸೀಟಿ ಟೀಚರ್ ಸಂಜೆ ಕಂಪ್ಯೂಟರ್ ಕೋಣೆಗೆ ಹೋದರು. ಗದ್ದಲ, ಕಿರುಚಾಟ, ಚಿಪ್ಸ್ ಪೊಟ್ಟಣ ಇವನ್ನೆಲ್ಲ ನಿರೀಕ್ಷಿಸಿ ಬಾಗಿಲು ತೆಗೆದರೆ ಒಳಗೆ ಐದು ಮಕ್ಕಳು ಎದುರುಬದುರು ನಿಂತು ಮರದ ಸ್ಕೇಲು ಬೀಳಿಸಿ ಹಿಡಿಯುತ್ತಿದ್ದರು. ಒಬ್ಬರು ಸ್ಕೇಲನ್ನು ತುದಿಯಲ್ಲಿ ಹಿಡಿದು ಹೇಳದೆ ಕೇಳದೆ ಬಿಡುವುದು, ಇನ್ನೊಬ್ಬರು ಬೆರಳುಗಳ ನಡುವೆ ಅದನ್ನು ತಡೆಯುವುದು. ಎಷ್ಟು ಸೆಂಟಿಮೀಟರ್ ಜಾರಿತೋ ಅಷ್ಟು ತಡವಾಗಿ ಕಣ್ಣು ಕೈಗೆ ಸುದ್ದಿ ಮುಟ್ಟಿಸಿದೆ ಎಂದು ಲೆಕ್ಕ. ಮೇಷ್ಟ್ರು ಕಲಿಸಿದ್ದಂತೆ, ಇದಿಲ್ಲದೆ ಕಂಪ್ಯೂಟರ್ ಮುಟ್ಟುವ ಹಾಗಿಲ್ಲವಂತೆ.

"ನೀವೂ ಹಿಡೀರಿ ಮಿಸ್" ಎಂದ ಉದ್ದನೆಯ ಹುಡುಗ. ತಂಡದಲ್ಲಿ ಎಲ್ಲರಿಗಿಂತ ಎತ್ತರದವನು, ಅವನನ್ನು ಎಲ್ಲರೂ ಕಂಬ ಎನ್ನುತ್ತಿದ್ದರು.

ಟೀಚರ್ ನಗುತ್ತಾ ಬೆರಳು ಒಡ್ಡಿದರು. ಸ್ಕೇಲು ಅವರ ಬೆರಳು ಮುಚ್ಚುವ ಮೊದಲೇ ಜಾರಿ ಪಾದದ ಮೇಲೆ ಬಿತ್ತು. ಇನ್ನೊಮ್ಮೆ ಹಿಡಿದರು, ತುದಿ ಸಿಕ್ಕಿತು. ಕಡ್ಡಿಯ ಸರದಿ ಬಂದಾಗ ಸ್ಕೇಲು ಕದಲಿತೋ ಇಲ್ಲವೋ ಅನ್ನುವಷ್ಟರಲ್ಲಿ ಅವಳ ಬೆರಳಲ್ಲಿತ್ತು. ಅವಳು ಚಿಕ್ಕಮ್ಮನ ಕಡೆ ನೋಡಲಿಲ್ಲ, ಬೀಗಲಿಲ್ಲ. ಕಂಬನ ಕೈಗೆ ಸ್ಕೇಲು ಕೊಟ್ಟು ಕುರ್ಚಿಯಲ್ಲಿ ಕೂತಳು.

ಆಟ ಅರ್ಥವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಕೋಟೆ, ಒಂದೊಂದರಲ್ಲಿ ಒಂದು ದೀಪ. ಒಂದೊಂದು ಕಡೆ ಐದು ಬೊಂಬೆ. ಎದುರಾಳಿಯ ದೀಪ ಆರಿಸಿದವರಿಗೆ ಆ ಸುತ್ತು. ಪ್ರತಿಯೊಬ್ಬರ ಪರದೆಯ ಮೇಲೂ ಅವರವರ ಬೊಂಬೆಯ ಕಣ್ಣಿಗೆ ಕಂಡದ್ದಷ್ಟೇ ಕಾಣುತ್ತದೆ. ಗೋಡೆಯ ಆಚೆ ಏನಿದೆ, ಬೆನ್ನ ಹಿಂದೆ ಯಾರಿದ್ದಾರೆ ಎನ್ನುವುದು ತಿರುಗಿ ನೋಡಿದರೆ ಮಾತ್ರ. ನಾಲ್ವರು ಹೊರಗೆ ಹೋಗಿ ಹೋರಾಡುತ್ತಾರೆ, ಒಬ್ಬರು ಒಳಗೇ ನಿಂತು ದೀಪ ಕಾಯುತ್ತಾರೆ. ಕಡ್ಡಿ ದೀಪ ಕಾಯುವವಳು. ಹೊರಗಿನ ನಾಲ್ವರು ಕಂಡದ್ದನ್ನು ಒಂದೊಂದು ಮಾತಿನಲ್ಲಿ ಅವಳಿಗೆ ಒಪ್ಪಿಸುತ್ತಾರೆ. ಅವಳು ಎಲ್ಲವನ್ನೂ ತಲೆಯೊಳಗೆ ಜೋಡಿಸಿ, ಯಾರು ಎಲ್ಲಿಗೆ ಹೋಗಬೇಕೆಂದು ತಿರುಗಿ ಹೇಳುತ್ತಾಳೆ. ತಾನು ಯಾರನ್ನೂ ಹೊಡೆಯುವುದಿಲ್ಲ.

ಇಲ್ಲೂ ಲಿಫ್ಟರೇ ಆಗಿದ್ದಾಳಲ್ಲ ಎಂದುಕೊಂಡರು ಟೀಚರ್. ಅದು ಸಮಾಧಾನವೋ ಇನ್ನಷ್ಟು ಉರಿಯೋ ಅವರಿಗೆ ಗೊತ್ತಾಗಲಿಲ್ಲ.

ಎರಡು ಸಂಗತಿ ಅವರ ಕಣ್ಣಿಗೆ ಬಿದ್ದವು. ಒಂದು, ಕಡ್ಡಿ ಹೆಡ್‌ಫೋನಿನ ಒಂದು ಕಡೆಯನ್ನು ಕಿವಿಯಿಂದ ಸರಿಸಿಕೊಂಡಿದ್ದಳು. ಎರಡೂ ಕಿವಿ ಮುಚ್ಚಿದರೆ ಮನುಷ್ಯನಿಗೆ ತನ್ನ ದನಿ ತನಗೆ ಕೇಳದೆ ಅರಿವಿಲ್ಲದೆ ಸ್ವರ ಏರುತ್ತದೆ, ಹೇಳುವವಳ ಸ್ವರ ಏರಿದರೆ ಕೇಳುವವರ ಎದೆಬಡಿತವೂ ಏರುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಂತೆ. ನಿಜಕ್ಕೂ ಅವಳ ದನಿ ಮಗು ಮಲಗಿರುವ ಮನೆಯಲ್ಲಿ ಮಾತಾಡುವವರ ದನಿಯ ಹಾಗಿತ್ತು. ಇನ್ನೊಂದು, ಯಾರ ಬೊಂಬೆ ಸತ್ತರೂ ಅವರು ಆ ಕ್ಷಣವೇ ಮೌಸ್ ಬಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು, ಬಾಯಿಗೆ ಬೀಗ ಹಾಕಿದಂತೆ ಕೂತುಬಿಡುತ್ತಿದ್ದರು. ಅಂಥ ಒಂದು ಹೊತ್ತಿನಲ್ಲಿ ಕಂಬನನ್ನು ಟೀಚರ್ ಏನೋ ಕೇಳಿದರೆ ಅವನು ತುಟಿ ಬಿಚ್ಚಲಿಲ್ಲ. ಸುತ್ತು ಮುಗಿದ ಮೇಲೆ ತಿರುಗಿ ಹೇಳಿದ:

"ಸತ್ತೋರು ಮಾತಾಡಬಾರದು ಮಿಸ್."

"ಯಾಕೋ? ಸತ್ತ ಮೇಲೂ ಕಣ್ಣು ಕಾಣುತ್ತಲ್ಲ ನಿನಗೆ."

"ಅದಕ್ಕೇ. ಸತ್ತ ಮೇಲೆ ಉಳಿದೋರ ಪರದೆ ಎಲ್ಲ ಕಾಣುತ್ತೆ. ಕಂಡಿದ್ದೆಲ್ಲ ಹೇಳ್ತಾ ಹೋದ್ರೆ ಬದುಕಿರೋರು ಆಡೋದು ಬಿಟ್ಟು ನಮ್ಮ ಮಾತು ಕೇಳ್ತಾ ಕೂತ್ಕೋತಾರೆ."

ಹದಿನೈದು ಹದಿನಾರರ ಮಕ್ಕಳಿಗೆ, ಅದೂ ಸೋತ ಬಿಸಿಯಲ್ಲಿ, ಬಾಯಿ ಮುಚ್ಚಿ ಕೂರುವುದನ್ನು ಯಾರಾದರೂ ಕಲಿಸಬಹುದೆಂದು ಸೀಟಿ ಟೀಚರ್ ನಂಬಿರಲಿಲ್ಲ. ಶಿಸ್ತಿದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡರು. ಆದರೆ ಶಿಸ್ತು ಪ್ರಾರ್ಥನೆಯಲ್ಲೂ ಇರುತ್ತದೆ, ಬ್ಯಾಂಕಿನ ಸಾಲಿನಲ್ಲೂ ಇರುತ್ತದೆ. ಅದನ್ನೆಲ್ಲ ಕ್ರೀಡೆ ಅನ್ನುತ್ತೇವೆಯೇ ಎಂದು ತಮಗೆ ತಾವೇ ಅಡ್ಡಪ್ರಶ್ನೆ ಹಾಕಿಕೊಂಡು ಬಾಗಿಲೆಳೆದು ಬಂದರು.

ಫೈನಲ್ ನಡೆದದ್ದು ಇನ್ನೊಂದು ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಗೋಡೆಯಗಲದ ದೊಡ್ಡ ಪರದೆ. ಅದರ ಕೆಳಗೆ, ಪರದೆಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ, ಎರಡು ಉದ್ದ ಮೇಜುಗಳಲ್ಲಿ ಎರಡು ತಂಡ. ದೊಡ್ಡ ಪರದೆಯಲ್ಲಿ ಎರಡೂ ಕೋಟೆ, ಹತ್ತೂ ಬೊಂಬೆ ಒಟ್ಟಿಗೆ ಕಾಣುತ್ತಿದ್ದವು. ಅದು ನೋಡುವವರಿಗಾಗಿ. ಆಡುವವರು ತಿರುಗಿ ನೋಡುವ ಹಾಗಿಲ್ಲ. ಪ್ರತಿ ತಂಡದ ಜೊತೆ ಬಂದ ಶಿಕ್ಷಕರಿಗೆ ಮೇಜಿನ ಕೊನೆಯಲ್ಲಿ ಒಂದು ಕುರ್ಚಿ. ಸೀಟಿ ಟೀಚರ ಕುರ್ಚಿ ಕಡ್ಡಿಯ ಮಗ್ಗುಲಲ್ಲೇ ಬಿದ್ದಿತ್ತು, ಕೈ ಚಾಚಿದರೆ ಭುಜ ಸಿಗುವಷ್ಟು ಹತ್ತಿರ, ಅವಳು ಹೆಡ್‌ಫೋನು ಸರಿಸಿಕೊಂಡಿದ್ದ ಕಿವಿಯ ಕಡೆಗೆ.

ಅಂಪೈರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಮಾತ್ರ ಹಳೆಯ ಅಂಪೈರುಗಳ ಮಾತಿನಷ್ಟೇ ಖಡಕ್ಕು. ಆಟ ನಡೆಯುವಾಗ ಶಿಕ್ಷಕರು ಒಂದು ಮಾತೂ ಆಡಕೂಡದು, ಸನ್ನೆಯನ್ನೂ ಮಾಡಕೂಡದು, ದೊಡ್ಡ ಪರದೆಯಲ್ಲಿ ಕಂಡದ್ದು ಮಕ್ಕಳಿಗೆ ಮುಟ್ಟಿದರೆ ಅದು ಫೌಲು ಎಂದು ಇಬ್ಬರಿಗೂ ಹೇಳಿದರು. ಸೀಟಿ ಟೀಚರ್ ತಲೆ ಆಡಿಸಿದರು. ನಿಯಮ ಹೇಳುತ್ತಲೇ ಹಣ್ಣಾದವರು ನಿಯಮ ಕೇಳುವಾಗ ಆಡಿಸುವ ಹಾಗೆ, ಹೆಚ್ಚು ಕಿವಿಗೊಡದೆ. ಮಾತಾಡಲು ಅವರಿಗೆ ಇಲ್ಲೇನಿತ್ತು? ಚೀಲದಲ್ಲಿ ಹೆಣೆಯುವ ಉಲ್ಲನ್ನು ಬೇರೆ ತಂದಿದ್ದರು.

ಮೊದಲ ಸುತ್ತಿನಲ್ಲಿ ಎರಡು ಸಾಲು ಹೆಣೆದರು. ಮಕ್ಕಳು ಸೋತರು. ಎದುರಾಳಿಗಳು ಬಿರುಗಾಳಿಯಂತೆ ನುಗ್ಗುವವರು. ಐವರೂ ಒಟ್ಟಿಗೆ ಒಂದೇ ಬಾಗಿಲಿಗೆ ಬಂದು ಬಿದ್ದರು. ಸುತ್ತು ಮುಗಿದಾಗ ಈಗ ಬೈಗುಳ ಶುರುವಾಗುತ್ತದೆ ಎಂದು ಟೀಚರ್ ಕಾದರು. ವಾಲಿಬಾಲಿನಲ್ಲಾದರೆ ಈ ಹೊತ್ತಿಗೆ ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಅವಳ ಮೇಲೆ ಹರಿಹಾಯುತ್ತಿದ್ದಳು, ತಾವು ಇಬ್ಬರ ಮೇಲೂ ಹರಿಹಾಯುತ್ತಿದ್ದರು. ಇಲ್ಲಿ ಕಡ್ಡಿ ಅಂಗೈ ಉಜ್ಜಿಕೊಂಡು, ಅವರು ಐವರೂ ಬಂದ್ರೆ ಅವರ ದೀಪದ ಹತ್ರ ಯಾರಿರ್ತಾರೆ ಎಂದು ಕೇಳಿದಳು. ಕಂಬ, ಯಾರೂ ಇರಲ್ಲ ಎಂದ. ಅಷ್ಟೇ ಮಾತು. ಐವರೂ ನಕ್ಕರು.

ಎರಡನೆಯ ಸುತ್ತಿನಲ್ಲಿ ಹೆಣಿಗೆ ಮಡಿಲಲ್ಲಿ ಹಾಗೇ ಉಳಿಯಿತು. ಎದುರಾಳಿಗಳು ನುಗ್ಗಿದಾಗ ಕಡ್ಡಿ ಮೂವರನ್ನು ಬಾಗಿಲಲ್ಲಿ ನಿಲ್ಲಿಸಿ ಸಾಯಗೊಟ್ಟಳು. ಮೂರು ಜೋಡಿ ಕೈಗಳು ಒಂದೊಂದಾಗಿ ಮಂಡಿಯ ಮೇಲೆ ಬಂದು ಕೂತವು. ಆ ಮೂವರು ಕೊಂಡುಕೊಟ್ಟ ಸಮಯದಲ್ಲಿ ಕಂಬ ಒಬ್ಬನೇ ಹಿಂದಿನ ಗೋಡೆ ಬಳಸಿ ಓಡುತ್ತಿದ್ದ. ಅವನಿಗೆ ದಾರಿ ಕಾಣುತ್ತಿರಲಿಲ್ಲ. ಸೋತ ಸುತ್ತಿನಲ್ಲಿ ಎದುರಾಳಿಗಳು ಯಾವ ಹೊತ್ತಿಗೆ ಯಾವ ತಿರುವಿನಲ್ಲಿದ್ದರು ಎಂಬುದನ್ನು ನೆನಪಿಟ್ಟು ಕಡ್ಡಿ ಹೇಳುತ್ತಿದ್ದಳು: ನಿಲ್ಲು. ಈಗ ಹೋಗು. ಬಗ್ಗು. ಹೋಗು. ಟೀಚರ್ ದೊಡ್ಡ ಪರದೆ ನೋಡಿದರು, ಹುಡುಗಿಯ ಮುಖ ನೋಡಿದರು, ಮತ್ತೆ ಪರದೆ ನೋಡಿದರು. ಕಂಬ ನಿಂತ ಪ್ರತಿ ಸಲವೂ ಗೋಡೆಯ ಆಚೆ ಒಬ್ಬ ಎದುರಾಳಿ ದಾಟಿಹೋಗುತ್ತಿದ್ದ. ಈ ಹುಡುಗಿ ಕಾಣದ್ದನ್ನು ಕಾಣುತ್ತಿದ್ದಳು, ಬರೀ ನೆನಪು ಮತ್ತು ಊಹೆಯ ಬಲದಿಂದ. ಮಕ್ಕಳಿಗೆ ಆಟ ಕಲಿಸುವವರು ಇಡೀ ಜೀವಮಾನ ಹುಡುಕುವುದು ಇಂಥ ಒಂದು ತಲೆಯನ್ನು. ಎದುರಾಳಿಯ ದೀಪ ಆರಿತು. ಸಭಾಂಗಣ ಎದ್ದು ನಿಂತಿತು. ಸೀಟಿ ಟೀಚರ ಉಲ್ಲಿನ ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಅವರಿಗೆ ಅದರ ಪರಿವೆ ಇರಲಿಲ್ಲ.

ಮೂರನೆಯದು ತೀರ್ಮಾನದ ಸುತ್ತು. ಎದುರಾಳಿಗಳೂ ಪಾಠ ಕಲಿತಿದ್ದರು. ನಾಲ್ವರು ಮುಂದಿನ ಬಾಗಿಲಲ್ಲಿ ಗಲಾಟೆ ಎಬ್ಬಿಸಿದರು, ಐದನೆಯವನು ಸದ್ದಿಲ್ಲದೆ ಛಾವಣಿ ಹತ್ತಿದ. ಹೊರಗೆ ಕಂಬನೂ ತಂಡದ ಇನ್ನೊಬ್ಬನೂ ಎದುರಾಳಿಗಳ ದೀಪದ ಅಂಗಳ ಮುಟ್ಟಿದ್ದರು, ಇನ್ನು ಉಸಿರೆರಡು ಎಳೆದರೆ ಗೆಲುವು. ಕಡ್ಡಿ ದೀಪದ ಮುಂದೆ ನಿಂತು ಅವರಿಬ್ಬರಿಗೆ ದಾರಿ ಹೇಳುತ್ತಿದ್ದಳು. ಛಾವಣಿಯವನು ಹಿಂದಿನ ಕಿಟಕಿಯಿಂದ ಕೆಳಗಿಳಿದ. ದೊಡ್ಡ ಪರದೆಯ ಮೇಲೆ ಇಡೀ ಸಭಾಂಗಣಕ್ಕೆ ಅವನು ಕಾಣುತ್ತಿದ್ದ. ಒಬ್ಬಳಿಗೆ ಮಾತ್ರ ಕಾಣುತ್ತಿರಲಿಲ್ಲ.

"ಕಡ್ಡೀ, ಹಿಂದೆ!"

ಕೂಗಿದವರು ಯಾರೆಂದು ಸೀಟಿ ಟೀಚರಿಗೆ ಗೊತ್ತಾದದ್ದು ತಮ್ಮ ಗಂಟಲು ಉರಿದಾಗ. ಅವರು ಎದ್ದು ನಿಂತಿದ್ದರು. ಒಂದು ಕೈ ತಾನಾಗಿ ಕೊರಳ ಸೀಟಿಗೆ ಹೋಗಿತ್ತು. ಸುತ್ತಲೂ ಜನ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು, ತಂಡದ ಉಳಿದವರ ಎರಡೂ ಕಿವಿ ಮುಚ್ಚಿದ್ದವು, ಅಂಪೈರು ಆಚೆಯ ಮೇಜಿನ ಬಳಿ ಬಾಗಿ ಏನೋ ನೋಡುತ್ತಿದ್ದರು. ಯಾರಿಗೂ ಕೇಳಿಸಿರಲಿಲ್ಲ.

ಆದರೆ ಕಡ್ಡಿಯ ಮೌಸ್ ಮೇಲಿನ ಕೈ ನಿಂತಿತು. ಟೀಚರ್ ಅದನ್ನು ನೋಡಿದರು. ಬೀಳುವ ಸ್ಕೇಲನ್ನು ಗಾಳಿಯಲ್ಲೇ ತಡೆಯುವ ಆ ಬೆರಳುಗಳು ಇಷ್ಟೇ ಇಷ್ಟು ಕದಲಿ, ಕಲ್ಲಾಗಿ ಕೂತವು. ಅವಳ ಬೊಂಬೆ ತಿರುಗಲಿಲ್ಲ. ಹಿಂದಿನಿಂದ ಬಂದವನು ಅವಳನ್ನು ಕೆಡವಿ ದೀಪ ಆರಿಸಿದ. ಕಡ್ಡಿ ಎರಡೂ ಕೈ ಎತ್ತಿ ಮಂಡಿಯ ಮೇಲಿಟ್ಟುಕೊಂಡಳು.

ಮಕ್ಕಳು ಎದುರಾಳಿಗಳ ಕೈ ಕುಲುಕಿದರು, ವೈರು ಸುತ್ತಿಟ್ಟರು, ಕಾರಿಡಾರಿಗೆ ಬಂದರು. ಅಲ್ಲಿ ಕಂಬನಿಗೆ ತಡೆದುಕೊಳ್ಳಲಾಗಲಿಲ್ಲ.

"ಬಾಗಿಲಲ್ಲಿ ಗಲಾಟೆ ಆದಾಗೆಲ್ಲ ಹಿಂದೆ ತಿರುಗಿ ನೋಡ್ತಿದ್ಯಲ್ಲ, ಇವತ್ತೇನಾಯ್ತು ನಿಂಗೆ? ಅಂಗಳದಲ್ಲಿದ್ವಿ ಕಣೇ ನಾವು."

"ಮರೆತೆ" ಎಂದಳು ಕಡ್ಡಿ. "ನಂದೇ ತಪ್ಪು."

ನಾಲ್ವರೂ ಒಂದು ಹೆಜ್ಜೆ ಮುಂದೆ ನಡೆದರು, ಅವಳೊಬ್ಬಳು ಹಿಂದುಳಿದಳು. ಗೆದ್ದು ಬಂದರೆ ಸಮಿತಿಯಲ್ಲಿ ಬಾಯಿ ತೆರೆಯಲು ಧೈರ್ಯವಿರುತ್ತದೆ ಎಂದು ಮೇಷ್ಟ್ರು ಮಲಗಿದಲ್ಲಿಂದಲೇ ಹೇಳಿ ಕಳಿಸಿದ್ದರು. ಇನ್ನು ಟೈಪಿಂಗ್ ತರಗತಿಯೇ ಗತಿ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು.

ಕುಡಿಯುವ ನೀರಿನ ನಲ್ಲಿಯ ಬಳಿ ಸೀಟಿ ಟೀಚರ್ ಅವಳನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಗಂಟಲಿನವರು ಮೆಲ್ಲಗೆ ಕೇಳಿದರು.

"ಕೇಳಿಸ್ತಾ ನಿಂಗೆ?"

"ಕೇಳಿಸ್ತು ಮಿಸ್."

"ಮತ್ತೆ ತಿರುಗಲಿಲ್ಲ ಯಾಕೆ?"

ಹುಡುಗಿ ನಲ್ಲಿ ತಿರುಗಿಸಿ ಕೈ ಒಡ್ಡಿದಳು. "ನೀವು ನೋಡಿದ್ದು ದೊಡ್ಡ ಪರದೆಯಲ್ಲಿ. ನನ್ನ ಪರದೆಯಲ್ಲಿ ಅವನಿರಲಿಲ್ಲ."

"ಆದ್ರೆ ನೀನು ಯಾವಾಗಲೂ ತಿರುಗಿ ನೋಡ್ತಿದ್ಯಂತಲ್ಲ. ಕಂಬ ಹೇಳಿದ."

"ಹೂಂ. ಆಗಲೂ ತಿರುಗೋಳಿದ್ದೆ. ಕೈ ಹೊರಟಿತ್ತು. ಅಷ್ಟರಲ್ಲಿ ನೀವು ಕೂಗಿದ್ರಿ." ಅವಳು ಒದ್ದೆ ಕೈಯಿಂದ ಕತ್ತು ಒರೆಸಿಕೊಂಡಳು. "ಆಮೇಲೆ ತಿರುಗಿದ್ರೆ ನಾನು ತಿರುಗಿದ್ದಾ, ನೀವು ತಿರುಗಿಸಿದ್ದಾ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಅದಕ್ಕೆ ಬಿಟ್ಟೆ."

ಸೀಟಿ ಟೀಚರ್ ಗೋಡೆಗೆ ಒರಗಿದರು. ತಮ್ಮ ಕೂಗು ಅವಳಿಗೆ ನೆರವಾಗಲಿಲ್ಲ ಎಂದುಕೊಂಡಿದ್ದರು. ಅದು ಅವಳ ಕೈಯಲ್ಲಿದ್ದ ಒಂದೇ ರಕ್ಷಣೆಯನ್ನೂ ಕಿತ್ತುಕೊಂಡಿತ್ತು. ಇಷ್ಟಾದರೂ ಹುಡುಗಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೋದ ವರ್ಷ ಕೇಳದೆ ಬಿಟ್ಟಿದ್ದ ಪ್ರಶ್ನೆಯ ಉತ್ತರ ನೀರಿನ ಜೊತೆ ಬಂದು ಎದುರಿಗೆ ನಿಂತಂತೆ ಅವರಿಗನ್ನಿಸಿತು. ಆದರೂ ಕೇಳಿದರು. ಈ ಸಲ ಅಭಿಮಾನ ಅಡ್ಡ ಬರಲಿಲ್ಲ.

"ವಾಲಿಬಾಲ್ ಬಿಟ್ಟಿದ್ದೂ ಇದಕ್ಕೇನಾ?"

ಕಡ್ಡಿ ನಲ್ಲಿ ನಿಲ್ಲಿಸಿದಳು. "ಅಲ್ಲಿ ಚೆಂಡು ಬರೋ ಮುಂಚೆ ನಿಮ್ಮ ಮಾತು ಬರ್ತಿತ್ತು ಚಿಕ್ಕಮ್ಮ. ನೀವು ಹೇಳಿದ್ದು ತಪ್ಪಾಗಿದ್ದೇ ಇಲ್ಲ. ನಾನು ಬರೀ ಕೈ ಎತ್ತುತ್ತಿದ್ದೆ. ಇಲ್ಲಿ ನಾನೇ ನೋಡಬೇಕು."

ಮಿಸ್ ಎನ್ನುವ ಗಡಿಯನ್ನು ಅವಳು ದಾಟಿದ್ದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಸರಿಪಡಿಸಲಿಲ್ಲ.

ಸೀಟಿ ಟೀಚರ್ ವ್ಯಾನಿನ ಬಳಿ ಹೋಗಿದ್ದ ನಾಲ್ವರನ್ನೂ ವಾಪಸು ಕರೆದರು. ಐವರನ್ನೂ ಹಿಂದಿಟ್ಟುಕೊಂಡು ನೇರ ಅಂಪೈರಿನ ಮುಂದೆ ನಿಂತು, ತೀರ್ಮಾನದ ಸುತ್ತಿನಲ್ಲಿ ತಾವು ಕೂಗಿದ್ದನ್ನೂ, ಏನು ಕೂಗಿದರೆಂಬುದನ್ನೂ, ಹುಡುಗಿ ಕೇಳಿಯೂ ತಿರುಗದೆ ಉಳಿದದ್ದನ್ನೂ ಒಂದೂ ಬಿಡದೆ ಹೇಳಿದರು. ಹೇಳುವಾಗ ಕಂಬನ ಮುಖ ಕೆಂಪಾಗುತ್ತಾ ಬಂದದ್ದು ಅವರಿಗೆ ಓರೆಗಣ್ಣಿನಲ್ಲಿ ಕಂಡಿತು.

ಅಂಪೈರು ಪೇಚಿಗೆ ಬಿದ್ದರು. "ಅದರಿಂದ ನಿಮಗೆ ಲಾಭ ಏನೂ ಆಗಲಿಲ್ವಲ್ಲ ಮೇಡಂ. ಸೋತಿರೋರೂ ನೀವೇ."

"ವಾಲಿಬಾಲಲ್ಲಿ ನೆಟ್ ಮುಟ್ಟಿದ್ರೆ ಲಾಭ ಆಯ್ತಾ ಅಂತ ಕೇಳ್ತೀರಾ? ಮುಟ್ಟಿದ್ರೆ ಮುಟ್ಟಿದ ಹಾಗೆ."

"ಬರೆದ್ರೆ ನಿಮ್ಮ ಶಾಲೆ ಹೆಸರಿಗೆ ಎಚ್ಚರಿಕೆ ಬರುತ್ತೆ."

"ಬರೀರಿ. ಶಿಕ್ಷಕಿ ಅಂತ ಸ್ಪಷ್ಟವಾಗಿ ಬರೀರಿ, ಮಕ್ಕಳು ಅಂತ ಅಲ್ಲ."

ಹಿಂತಿರುಗುವಾಗ ವ್ಯಾನಿನಲ್ಲಿ ಕಂಬ ಎದ್ದು ಬಂದು ಕಡ್ಡಿಯ ಪಕ್ಕದ ಸೀಟಿನಲ್ಲಿ ಕೂತ. ಕ್ಷಮೆ ಗಿಮೆ ಕೇಳುವ ಜಾಯಮಾನ ಅವನದಲ್ಲ. ಸ್ಕೇಲು ತೆಗೆದು ಅವಳ ಬೆರಳುಗಳ ಮೇಲೆ ಹಿಡಿದ, ಅಷ್ಟೇ. ವ್ಯಾನಿನ ಕುಲುಕಾಟದಲ್ಲಿ ದಾರಿಯುದ್ದಕ್ಕೂ ಬೀಳಿಸಿದರು, ಹಿಡಿದರು. ಮುಂದಿನ ಸೀಟಿನಲ್ಲಿ ಸೀಟಿ ಟೀಚರ್ ಸಿಕ್ಕುಬಿದ್ದ ಉಲ್ಲು ಬಿಡಿಸುತ್ತಾ ಒಂದೇ ವಿಷಯ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ತಾವು ಬೇಕೆಂದು ಕೂಗಿರಲಿಲ್ಲ. ಬುದ್ಧಿಗೆ ಸುದ್ದಿ ಮುಟ್ಟುವ ಮೊದಲೇ ಕಾಲು ಎದ್ದಿತ್ತು, ಕೈ ಸೀಟಿಗೆ ಹೋಗಿತ್ತು, ಗಂಟಲು ತೆರೆದಿತ್ತು. ಸಿನಿಮಾದಲ್ಲಿ ಎಷ್ಟೋ ಜನರ ಬೆನ್ನ ಹಿಂದೆ ಎಷ್ಟೋ ಜನ ಬಂದಿದ್ದನ್ನು ನೋಡಿದ್ದಾರೆ, ಎಂದೂ ಹಾಗೆ ಎದ್ದವರಲ್ಲ. ಅವರ ಮೈ ಹಾಗೆ ಏಳುವುದು ಒಂದೇ ಜಾಗದಲ್ಲಿ. ತೀರ್ಪು ಹೇಳಬೇಕಾದವರು ತಾವೆಂದು ಅವರು ಬೀಗುತ್ತಿದ್ದರೆ, ಅವರ ಮೈ ಆಗಲೇ ತೀರ್ಪು ಕೊಟ್ಟು ಕೂತಿತ್ತು.

ಸಮಿತಿ ಕೂತ ದಿನ ಎಚ್ಚರಿಕೆಯ ಸುದ್ದಿ ಅವರಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿತ್ತು. ಪೋಷಕರ ಪರವಾಗಿ ಬಂದಿದ್ದ ಹಲ್ಲಿನ ಡಾಕ್ಟರು ಅದನ್ನೇ ಎತ್ತಿದರು. ಕಪ್ಪು ತರಲು ಹೋದವರು ಎಚ್ಚರಿಕೆ ತಂದಿದ್ದಾರೆ, ಇದನ್ನು ಕ್ರೀಡೆ ಅನ್ನಬೇಕೇ ಎಂದು ಕೇಳಿದರು. ಬೆವರು ಬರದ್ದು ಎಂಥ ಕ್ರೀಡೆ ಎಂದು ಡ್ರಾಯಿಂಗ್ ಮೇಷ್ಟ್ರು ತಾಳ ಹಾಕಿದರು. ಕೋಣೆಯ ಮೂಲೆಯಲ್ಲಿ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ ಫಿಸಿಕ್ಸ್ ಮೇಷ್ಟ್ರು ಬಾಯಿ ತೆರೆಯಹೋದರು. ಸೀಟಿ ಟೀಚರ್ ಕೈ ಎತ್ತಿ ತಡೆದರು.

"ಬೆವರು ನನಗೆ ಬಂದಿತ್ತು" ಎಂದರು. "ಎಚ್ಚರಿಕೆಯೂ ನಂದೇ. ಮಕ್ಕಳದ್ದಲ್ಲ."

ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಸತ್ತವರು ಮಂಡಿಯ ಮೇಲೆ ಕೈಯಿಟ್ಟು ಕೂರುವುದನ್ನು ಹೇಳಿದರು, ಒಂದು ಕಿವಿ ತೆರೆದಿಡುವುದನ್ನು ಹೇಳಿದರು, ಗೋಡೆಯ ಆಚೆಯದನ್ನು ನೆನಪಿನಿಂದಲೇ ಕಂಡು ಗೆಳೆಯನನ್ನು ದಾಟಿಸಿದ ಸುತ್ತನ್ನು ಹೇಳುವಾಗ ತಮಗರಿವಿಲ್ಲದೆ ಕುರ್ಚಿಯಿಂದ ಎದ್ದಿದ್ದರು. ಕೊನೆಗೆ ಕೂತು, ನೀರು ಕುಡಿದು, ದನಿ ತಗ್ಗಿಸಿ ಹೇಳಿದರು:

"ನಾನು ಫೌಲ್ ಮಾಡಿದೆ. ಇಷ್ಟು ವರ್ಷದಲ್ಲಿ ನಂಗೆ ಗೊತ್ತಿರೋದು ಒಂದೇ, ಆಟ ಇಲ್ಲದ ಕಡೆ ಫೌಲ್ ಆಗೋಕೆ ಸಾಧ್ಯ ಇಲ್ಲ. ಗೆಲ್ಲೋ ಸುತ್ತನ್ನ ಕೈಯಾರೆ ಬಿಟ್ಟಳಲ್ಲ ಆ ಹುಡುಗಿ, ಯಾರೂ ನೋಡದೇ ಇದ್ದಾಗ? ಅದನ್ನ ಕಲಿಸೋದಕ್ಕೇ ಅಲ್ವಾ ನಾವು ಶಾಲೆಯಲ್ಲಿ ಮೈದಾನ ಇಟ್ಟಿರೋದು? ನಾನಂತೂ ನನ್ನ ಮೈದಾನದಲ್ಲಿ ಇನ್ನೂ ಅಷ್ಟು ಕಲಿಸಿಲ್ಲ."

ಅವಳು ನಿಮ್ಮಕ್ಕನ ಮಗಳಲ್ಲವೇ ಎಂದು ಡ್ರಾಯಿಂಗ್ ಮೇಷ್ಟ್ರು ಕುಟುಕಿದರು. ಹೌದು, ಅದಕ್ಕೇ ಇಷ್ಟು ದಿನ ಇದು ಆಟವಲ್ಲ ಅನ್ನುತ್ತಿದ್ದೆ ಎಂದರು ಸೀಟಿ ಟೀಚರ್. ಹೆಡ್‌ಮಿಸ್ ನಕ್ಕು, ಹಾಗಾದರೆ ಕೋಣೆ ಮಕ್ಕಳದ್ದೇ, ಟೈಪಿಂಗಿಗೆ ಬೇರೆ ಜಾಗ ನೋಡೋಣ ಎಂದರು. ಫಿಸಿಕ್ಸ್ ಮೇಷ್ಟ್ರು ಸಂತೋಷಕ್ಕೆ ಎದ್ದು ನಿಲ್ಲಲು ಹೋಗಿ, ಕಾಲಿನ ನೆನಪಾಗಿ ಕೂತರು.

ಮರುದಿನ ಸಂಜೆ ವಾಲಿಬಾಲ್ ಅಭ್ಯಾಸ. ಕಡ್ಡಿಯ ಜಾಗಕ್ಕೆ ಬಂದಿದ್ದ ಹೊಸ ಲಿಫ್ಟರ್ ಹುಡುಗಿ ಚೆಂಡು ಬರುವ ಮೊದಲೇ ಎಂದಿನಂತೆ ಬೆಂಚಿನ ಕಡೆ ನೋಡಿದಳು. ಬೆಂಚಿನಿಂದ ಮಾತು ಬರಲಿಲ್ಲ. ಚೆಂಡು ಅವಳ ಮುಂದೆಯೇ ಬಿದ್ದು ಉರುಳಿತು. ಎರಡನೆಯ ಚೆಂಡಿಗೂ ಅದೇ ಆಯಿತು. ಸೀಟಿ ಟೀಚರ್ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಕೂತಿದ್ದರು. ಎಡಕ್ಕೆ ಎಂಬ ಮಾತು ಗಂಟಲವರೆಗೆ ಬಂದು, ಕದ ಮುಚ್ಚಿದ್ದನ್ನು ಕಂಡು ಹಿಂತಿರುಗಿತು. ಇಡೀ ತಂಡ ಆಟ ನಿಲ್ಲಿಸಿ ಅವರನ್ನೇ ನೋಡತೊಡಗಿತು. ಮಿಸ್‌ಗೆ ಗಂಟಲು ಕಟ್ಟಿದೆಯೋ, ಸಿಟ್ಟು ಬಂದಿದೆಯೋ ಒಬ್ಬರಿಗೂ ತಿಳಿಯಲಿಲ್ಲ.

ಕಂಪ್ಯೂಟರ್ ಕೋಣೆಗೆ ಹೊರಟಿದ್ದ ಕಡ್ಡಿ ಬೇಲಿಯ ಬಳಿ ನಿಂತಳು. ಶಾಲೆಯ ಹೆಸರಿನ ಹೊಸ ಅಂಗಿ ಇನ್ನೂ ಮಡಿಕೆ ಬಿಡದೆ ಅವಳ ತೋಳಿನ ಮೇಲಿತ್ತು. ಅವಳು ಬೆಂಚಿನ ಕಡೆ ನೋಡಿದಳು. ಸೀಟಿ ಕಾಣುತ್ತಿರಲಿಲ್ಲ, ಅದು ಜೇಬಿನಲ್ಲಿತ್ತು. ಚಿಕ್ಕಮ್ಮನ ಎರಡೂ ಕೈಗಳು ಬೆರಳು ಬಿಡಿಸಿಕೊಂಡು ಮಂಡಿಯ ಮೇಲೆ ಕೂತಿದ್ದವು.

"ಮಿಸ್ ಈಗ ಸತ್ತಿದ್ದಾರೆ ಕಣೇ" ಎಂದು ಕಡ್ಡಿ ಹೊಸ ಲಿಫ್ಟರಿಗೆ ಬೇಲಿಯಾಚೆಯಿಂದ ಹೇಳಿದಳು. "ಚೆಂಡು ನೀನೇ ನೋಡ್ಕೋ."

ಬೆಂಚಿನ ಮೇಲಿದ್ದವರು ನಗು ತಡೆಯಲು ತುಟಿ ಬಿಗಿಹಿಡಿದರು. ನೆಟ್ಟಿನ ಆಚೆಯಿಂದ ಚೆಂಡು ಮೇಲೇರಿತು. ಹೊಸ ಹುಡುಗಿ ಒಂದು ಗಳಿಗೆ ಗಲಿಬಿಲಿಯಾಗಿ, ಆಮೇಲೆ 'ನಂದು' ಎಂದು ತಾನೇ ಕೂಗಿಕೊಂಡು ಅದರ ಕೆಳಗೆ ಓಡಿದಳು.